ಅತ್ತೆ ತುಂಬಿಟ್ಟ ನೀರು

“ಇದು ಹಳ್ಳದ ನೀರಾ, ನಲ್ಲಿ ನೀರಾ?” ರಿಪೋರ್ಟು ಹಿಡಿದುಕೊಂಡೇ ಪ್ರೊಫೆಸರ್ ಕೇಳಿದರು. ಡಾಟ್‌ಕಾಂ ಭರಾಟೆಯ ಆ ವರ್ಷಗಳಲ್ಲಿ ನಾನು ಬೇ ಏರಿಯಾದ ಯೂನಿವರ್ಸಿಟಿಯೊಂದರ ಜಲ ಸಂಶೋಧನಾ ಕೇಂದ್ರದಲ್ಲಿದ್ದೆ. ಓಕ್ಲ್ಯಾಂಡಿನಲ್ಲಿ ಹಳೇ ಪೇಂಟ್ ಫ್ಯಾಕ್ಟರಿ ಹಿಂದಿನ ಹಳ್ಳದಿಂದ ಆರು ಬಾಟಲಿ ನೀರು ತಂದಿದ್ದೆ. ಶುಕ್ರವಾರ ಸಂಜೆ ಲ್ಯಾಬು ಮುಚ್ಚಿದ್ದರಿಂದ ಮನೆಯ ಫ್ರಿಜ್ಜಿನಲ್ಲಿಟ್ಟು, ಸೋಮವಾರ ಒಪ್ಪಿಸಿದ್ದೆ.

ಆ ಫ್ರಿಜ್ಜಿಗೆ ಕೈಹಾಕುವವರು ಧಾರವಾಡದಿಂದ ಬಂದಿದ್ದ ನಮ್ಮತ್ತೆ ಒಬ್ಬರೇ. ಮನೆಗೆ ಬಂದು ಕೇಳಿದೆ.

“ಹಳೇ ನೀರು ಇಟ್ಕೊಂಡು ಕೂಡಬಾರದವಾ. ಕರಿಬೇವಿನ ಗಿಡಕ್ಕ ಹಾಕಿ, ಬಾಟ್ಲಿ ತಿಕ್ಕಿ, ಹೊಸಾ ನೀರು ತುಂಬಿಟ್ಟೀನಿ” ಎಂದರು. ಬಾಟಲಿಗಳ ಮೇಲೆ ನಾನು ಅಂಟಿಸಿದ್ದ ಚೀಟಿಗಳು ಮಾತ್ರ ನೆನೆಯದ ಹಾಗೆ ನೋಡಿಕೊಂಡಿದ್ದರು.

ಮರುದಿನ ಪ್ರೊಫೆಸರಿಗೆ ನಿಜ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಗಿಡ ಹೇಗಿದೆ ಎಂದರು. ಚಿಗುರಿದೆ ಎಂದೆ. ಇನ್ನೊಮ್ಮೆ ಹಳ್ಳಕ್ಕೆ ಕಳಿಸಿದರು.

ಎರಡನೇ ಸಲ ತಂದ ನೀರಿನಲ್ಲಿ ವಿಷಕಾರಿ ಸೀಸದ ಅಂಶ ಸಿಕ್ಕಿತು. ಗಿಡ ಈಗ ನನಗಿಂತ ಎತ್ತರವಿದೆ. ಒಗ್ಗರಣೆಗೆ ಕರಿಬೇವನ್ನು ಅಂಗಡಿಯಿಂದ ತರುತ್ತೇನೆ. ಊರಿಂದ ಫೋನು ಮಾಡಿದಾಗಲೆಲ್ಲ ಅತ್ತೆ ಮೊದಲು ಆ ಗಿಡವನ್ನೇ ವಿಚಾರಿಸುತ್ತಾರೆ. ಅದರ ಎಲೆ ಹಾಕಿದ ಸಾರನ್ನೇ ಉಣ್ಣುತ್ತಿದ್ದೇವೆ ಎನ್ನುತ್ತೇನೆ.