ಜರ್ಮನ್ ಚಾಕುವಿನ ತಕರಾರು

ನಮ್ಮ ಊಟದ ಮೇಜಿನ ಮೇಲೆ ಈಗ ಒಂದು ಚಾಕು ಇದೆ. ಇದನ್ನು ಬರೆಯುತ್ತ ಕೂತವನು ನಡುನಡುವೆ ಅದನ್ನೆತ್ತಿ, ಟಕ್ ಎನ್ನಿಸಿ, ಮತ್ತೆ ಮಡಚಿಡುತ್ತೇನೆ. "ರೀ, ಬೆರಳು ಹೋದ್ರೆ ಆಸ್ಪತ್ರೆಗೆ ನಾನಂತೂ ಬರಲ್ಲ" ಎಂದು ಹೆಂಡತಿ ಒಳಗಿನಿಂದ ಹೇಳಿದ್ದಾಳೆ. ಬೆರಳಿನ ಚಿಂತೆ ಯಾರಿಗಿದೆ? ನನಗೆ ಬೇಕಾದದ್ದು ಆ ಸದ್ದು.

ಇದು ಸಿಕ್ಕಿದ್ದು ಹಳೇ ಸಾಮಾನಿನ ಸಂತೆಯಲ್ಲಿ. ನೈರೋಬಿಗೆ ಬಂದ ಮೇಲೆ ಅಂಟಿಕೊಂಡ ಚಟ ಅದು. ವಾರವಿಡೀ ಔಷಧಿ ಕಾರ್ಖಾನೆಯಲ್ಲಿ ಹೊಳೆಯುವ ಸ್ಟೀಲು, ತೊಳೆದ ಗಾಜು ನೋಡಿ ನೋಡಿ ಸಾಕಾಗಿ, ಭಾನುವಾರ ಸೌತ್ ಬಿ ಬಡಾವಣೆಯ ಮನೆಯಿಂದ ಮಟಾಟು ವ್ಯಾನು ಹತ್ತಿ ತುಕ್ಕು ಹಿಡಿದದ್ದನ್ನು ನೋಡಲು ಹೋಗುತ್ತೇನೆ. ನಿಂತುಹೋದ ಗಡಿಯಾರ, ಜೋಡಿಯಿಲ್ಲದ ಚಮಚ, ಯಾರದೋ ಮದುವೆಯ ಫೋಟೊ. ಇವುಗಳ ನಡುವೆ ಜಿಂಕೆಕೊಂಬಿನ ಹಿಡಿಯ ಒಂದು ಮಡಚುಚಾಕು. ಹಿಡಿಯ ಮೇಲೊಂದು ಪುಟ್ಟ ಚಿಲಕ. ಅಂಗಡಿಯವನು ಚಿಲಕ ಎಬ್ಬಿಸಿ ಒತ್ತಿದ. ಅಲಗು ಪಕ್ಕದಿಂದ ಚಿಮ್ಮಿ ನೆಟ್ಟಗೆ ನಿಂತಿತು. ಟಕ್. ನಾನು ಅಲ್ಲೇ ನಿಂತುಬಿಟ್ಟೆ.

"ಕರಿಬು, ಬಾಸ್" ಎಂದು ಸ್ವಾಹಿಲಿಯಲ್ಲಿ ಸ್ವಾಗತಿಸಿ ಆತ ಚಾಕು ಮಡಚಿ ನನ್ನತ್ತ ಚಾಚಿದ. ನಾನು ಕೈ ನೀಡಲಿಲ್ಲ. ನಿಮಗೆ ಗೊತ್ತೇ ಇದೆಯಲ್ಲ, ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಇಂಜಿನಿಯರಿಂಗ್ ಓದಿದವನು, ಇದನ್ನೆಲ್ಲ ನಾನು ನಂಬುವುದಿಲ್ಲ. ಆದರೆ ನನ್ನ ಕೈ ಇಂಜಿನಿಯರಿಂಗ್ ಓದಿಲ್ಲ. ಅದು ಬೆನ್ನ ಹಿಂದೆ ಹೋಗಿ ಕೂತಿತು. ಬೆಲೆ ಹಿಡಿಸಲಿಲ್ಲವೆಂದುಕೊಂಡ ಆತ ಬೆಲೆ ಇಳಿಸಿ ಮತ್ತೆ ಚಾಚಿದ. ಕೆಳಗಿಡಪ್ಪ ಎಂದು ನಾನು ಸಾಮಾನು ಹರಡಿದ್ದ ಟಾರ್ಪಾಲಿನತ್ತ ಕಣ್ಣು ತೋರಿಸಿದೆ. ಇನ್ನೂ ಇಳಿಸಿದ. ಕೊನೆಗೆ ಬೇಸತ್ತು ಚಾಕುವನ್ನು ಟಾರ್ಪಾಲಿನ ಮೇಲೆ ಹಾಕಿದ. ಪಟ್ಟನೆ ಎತ್ತಿಕೊಂಡು ದುಡ್ಡು ಕೊಟ್ಟು "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿದೆ. ಜನ್ಮದಲ್ಲಿ ನಾನು ಗೆದ್ದ ಚೌಕಾಸಿ ಅದೊಂದೇ, ಅದೂ ಬಾಯಿ ಬಿಡದೆ.

ಆ ಸದ್ದು ನನ್ನ ಸೋದರಮಾವನದು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ನಾವು ಮಕ್ಕಳು ದಸರಾ ರಜೆಗೆ ಹೋಗುವ ಕಾಲಕ್ಕೆ ಗಿರಣಿ ಮುಚ್ಚಿತ್ತು. ಮಾವ ಹಗಲೆಲ್ಲ ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದರು. ಊಟವಾದ ಮೇಲೆ ಮಾತ್ರ ಜೇಬಿನಿಂದ ಚಾಕು ತೆಗೆದು, ನಮ್ಮೆಲ್ಲರ ಮುಖ ನೋಡಿ, ಟಕ್ ಎನ್ನಿಸಿ, ಪೇರಲಹಣ್ಣು ಹೆಚ್ಚುವರು. ಹಣ್ಣು ಕೈಗೆ ಬರುವ ಮೊದಲು ಕಥೆ ಕೇಳಲೇಬೇಕು. ಗಿರಣಿಗೆ ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯ ಇಂಜಿನಿಯರ್, ಊರಿಗೆ ಹೊರಡುವ ದಿನ ಅದನ್ನು ಕೊಟ್ಟನಂತೆ.

"ಕೈಯಾಗೆ ಕೊಡಾಕೆ ಬಂದ. ನೆಲಕ್ಕಿಡು ಅಂತ ಸನ್ನೆ ಮಾಡಿದೆ. ಅಷ್ಟು ದೊಡ್ಡ ದೊರೆ, ಬಗ್ಗಿ ಇಟ್ಟ ನೋಡಪ್ಪ."

"ಜರ್ಮನಿನೂ ಇಲ್ಲ, ಗಿರ್ಮನಿನೂ ಇಲ್ಲ" ಎಂದು ಅಡುಗೆಮನೆಯಿಂದ ಅತ್ತೆ. "ಡೂಪ್ಲಿಕೇಟು. ಸಂತೆಯಾಗೆ ತಂದಿದ್ದು."

ಅಲ್ಲಿಂದ ಶುರು. ಅಲಗಿನ ಬುಡದಲ್ಲಿ ಅಕ್ಷರ ಇತ್ತು, ಸಾಣೆಗೆ ಸವೆದಿದೆ ಎಂದು ಮಾವ. ಇದ್ದರೆ ತಾನೆ ಸವೆಯುವುದು ಎಂದು ಅತ್ತೆ. ಮಾವ ಆ ಚಾಕುವನ್ನು ಎಂದೂ ಅತ್ತೆಯ ಕೈಗೆ ಕೊಟ್ಟವರಲ್ಲ, ನೆಲದ ಮೇಲಿಟ್ಟೇ ಕೊಡುತ್ತಿದ್ದರು. ಆದರೂ ಆ ಮನೆಯಲ್ಲಿ ದಿನಾ ಅದರದೇ ಜಗಳ. ನಾವೆಲ್ಲ ಅತ್ತೆಯ ಪಕ್ಷ. 'ಜರ್ಮನ್ ಮಾವ' ಎಂದು ಬೆನ್ನ ಹಿಂದೆ ನಗುತ್ತಿದ್ದೆವು. ಆಮೇಲೆ ಮಾವ ಹೋದರು. ಮನೆ ಬದಲಿಸುವ ಗಡಿಬಿಡಿಯಲ್ಲಿ ಚಾಕುವೂ ಎಲ್ಲೋ ಹೋಯಿತು. ಮಾವ ಹೇಳಿದ್ದು ನಿಜವೋ ಬುರುಡೆಯೋ ಎನ್ನುವುದು ತೀರ್ಮಾನವಾಗದೆ ಉಳಿಯಿತು.

ನನಗೀಗ ಆ ತೀರ್ಮಾನ ಬೇಕಿತ್ತು. ಯಾರೋ ಹೇಳಿದರೆಂದು ಕರೆನ್ ಬಡಾವಣೆಯಲ್ಲಿರುವ ಒಬ್ಬ ವೃದ್ಧೆಯ ಮನೆಗೆ ಹೋದೆ. ನಿವೃತ್ತ ಪಶುವೈದ್ಯೆ, ಹಳೆಯ ಚಾಕು ಕೂಡಿಡುವ ಹವ್ಯಾಸ. ಅಲಗಿನ ಬುಡಕ್ಕೆ ಭೂತಗನ್ನಡಿ ಹಿಡಿದು 'ಸೋಲಿಂಗೆನ್' ಎಂದು ಓದಿದರು. ಚಾಕುವಿಗೇ ಹೆಸರಾದ ಜರ್ಮನ್ ಊರಂತೆ. ಆದರೆ ಅಕ್ಷರವನ್ನು ಯಾರು ಬೇಕಾದರೂ ಒತ್ತಬಹುದು, ಚಿಲಕ ನೋಡಿ ಎಂದರು. ಅಗ್ಗದ ನಕಲಿಗಳಲ್ಲಿ ಹೆಚ್ಚಾಗಿ ಬರೀ ಒಂದು ಗುಂಡಿ ಇರುತ್ತದೆ. ಇದರಲ್ಲಿ ಚಿಲಕ ಮಲಗಿದ್ದರೆ ಅಲಗು ಮಿಸುಕುವುದಿಲ್ಲ. ಉಗುರಿನಿಂದ ಎಬ್ಬಿಸಿ ಒತ್ತಿದರೆ ಮಾತ್ರ ಸ್ಪ್ರಿಂಗು ಬಿಡುತ್ತದೆ. ಅದು ಹಳೆಯ ಜರ್ಮನ್ ಕೆಲಸದ ಗುರುತು. ಕೊಂಬಿನಲ್ಲಿ ಬಿರುಕಿಲ್ಲ, ಸ್ಪ್ರಿಂಗು ಗಟ್ಟಿ. ಆದರೆ ಸಾಣೆ ಹಿಡಿದು ಹಿಡಿದು ಅಲಗು ಸಣ್ಣಗಾಗಿರುವುದರಿಂದ ಸಂಗ್ರಹಕಾರರು ಹೆಚ್ಚು ಕೊಡಲಾರರು. ಮುಟ್ಟದೆ ಇಟ್ಟ ಚಾಕುವಿಗೇ ಬೆಲೆಯಂತೆ.

ಬೆಲೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಒಂದು ದಸರಾ ರಜೆಯಲ್ಲಿ, ತಮ್ಮ ಕೈಯಲ್ಲೇ ಚಾಕು ಹಿಡಿದು, ಚಿಲಕ ಎಬ್ಬಿಸಲು ಮಾವ ನನಗೆ ಬಿಟ್ಟಿದ್ದರು. ಉಗುರಿಗೆ ಸಿಕ್ಕ ಆ ಸಣ್ಣ ತಗಡು, ಅದರ ಆ ಬಿಗುವು, ಇದೇ. ಮಾವನ ಚಾಕುವಿನಲ್ಲಿದ್ದದ್ದೂ ಗುಂಡಿಯಲ್ಲ, ಚಿಲಕ. ಮಾವ ನಿಜ ಹೇಳಿದ್ದರು. ಅದನ್ನು ಅವರಿಗೆ ಹೇಳೋಣವೆಂದರೆ ಈಗ ಅವರಿಲ್ಲ. ನನಗೆ ಕಣ್ಣು ತುಂಬಿ ಬಂತು. ಬೆಲೆ ಕೇಳಿ ಹೀಗಾಯಿತೆಂದು ತಿಳಿದ ಆ ತಾಯಿ, ಅಷ್ಟೇನೂ ಕಡಿಮೆಯಲ್ಲ ಎಂದು ಸಮಾಧಾನ ಹೇಳಿ ಚಹಾ ಕೊಟ್ಟರು.

ಇವತ್ತು ಮಧ್ಯಾಹ್ನ ಅತ್ತೆಗೆ ಫೋನ್ ಮಾಡಿದೆ. ಈಗ ಮೈಸೂರಿನಲ್ಲಿ ಮಗಳ ಜೊತೆ ಇದ್ದಾರೆ. ಮಾವನ ಪರವಾಗಿ ಒಮ್ಮೆಯಾದರೂ ಗೆಲ್ಲುವ ಉಮೇದಿನಲ್ಲಿ ಎಲ್ಲವನ್ನೂ ಹೇಳಿ, "ಅತ್ತೆ, ಮಾವಂದು ಅಸಲಿ ಜರ್ಮನ್. ನೀವು ಸೋತ್ರಿ" ಎಂದೆ.

"ನಂಗೊತ್ತಿತ್ತು ಕಣಪ್ಪ."

"ಗೊತ್ತಿತ್ತಾ?"

"ಆ ದೊರೆ ಚಾಕು ಇಟ್ಟಿದ್ದು ನಮ್ಮ ಪಡಸಾಲೆಯಾಗೇ. ಮಂಡಕ್ಕಿ ಮೆಣಸಿನಕಾಯಿ ಕೊಟ್ಟಿದ್ದೆ. ಖಾರಕ್ಕೆ ಕಣ್ಣಾಗೆ ನೀರು ಬಂದಿತ್ತು, ಪಾಪ."

"ಮತ್ಯಾಕೆ ದಿನಾ ಡೂಪ್ಲಿಕೇಟು ಅಂತಿದ್ರಿ?"

"ಗಿರಣಿ ಮುಚ್ಚಿದ ಮ್ಯಾಲೆ ಅವ್ರು ಬಾಯಿ ಬಿಡ್ತಿದ್ದುದು ಅದೊಂದಕ್ಕೇ. ಹೂಂ ಅಂದುಬಿಟ್ಟಿದ್ರೆ ಅದೂ ನಿಂತುಹೋಗ್ತಿತ್ತು."

ನಾನು ಮೇಜಿನ ಮೇಲಿದ್ದ ಚಾಕುವನ್ನು ಕೈಗೆತ್ತಿಕೊಂಡೆ.

"ಎಲ್ಲಿ, ಒಂದ್ಸಲ ಒತ್ತು" ಎಂದರು ಅತ್ತೆ.

ಫೋನನ್ನು ಹತ್ತಿರ ಹಿಡಿದು, ಚಿಲಕ ಎಬ್ಬಿಸಿ ಒತ್ತಿದೆ. ಟಕ್.

"ಡೂಪ್ಲಿಕೇಟು" ಎಂದರು ಅತ್ತೆ. "ಸಂತೆಯಾಗೆ ತಂದಿದ್ದು."

ಹೇಳಿ ಸುಮ್ಮನಾದರು. ಕಾಯುತ್ತಿದ್ದಾರೆಂದು ಆಮೇಲೆ ಹೊಳೆಯಿತು. ನಾನು ಮಾವನ ಧಾಟಿಯಲ್ಲೇ ಹೇಳಿದೆ.

"ಅಲಗಿನ ಬುಡದಾಗೆ ಅಕ್ಷರ ಇತ್ತು. ಸಾಣೆಗೆ ಸವೆದೈತೆ."

"ಇದ್ರೆ ತಾನೆ ಸವೆಯೋದು" ಎಂದರು ಅತ್ತೆ, ಎಷ್ಟೋ ವರ್ಷಗಳ ಮೇಲೆ.