ಡ್ರೈವರ್ ಪಕ್ಕದ ಸೀಟು

ಅಂಬಾರಾಯ ಕೂತಲ್ಲಿ ಕೂಡುವ ಆಸಾಮಿಯೇ ಅಲ್ಲ. ಪುಣೆಯ ಧನಕವಡಿಯಲ್ಲಿನ ತನ್ನ ಎರಡು ಖೋಲಿಯ ಮನೆಯಲ್ಲಿ ಊಟಕ್ಕೆ ಕೂತರೂ ನಾಲ್ಕು ತುತ್ತಿಗೊಮ್ಮೆ ಎದ್ದು, ಬಾಗಿಲಲ್ಲಿ ನಿಂತ ಗಾಡಿಯನ್ನು ನೋಡಿ ಬರುತ್ತಿದ್ದ. "ನಿಮ್ಮವ್ವ ನಿಮಗ ಕಾಲಾಗ ಚಕ್ರ ಇಟ್ಟ ಹಡದಾಳ ನೋಡ್ರಿ" ಎಂದು ಹೆಂಡತಿ ಕಲ್ಲವ್ವ ಕಾಡುತ್ತಿದ್ದಳು. 1989ರಲ್ಲಿ ಆಳಂದದ ಕಡೆಯಿಂದ ಪುಣೆಗೆ ಬಂದವನು ಮೊದಲು ಕಟ್ಟಡಗಳಿಗೆ ಇಟ್ಟಂಗಿ ಹೊತ್ತ. ಒಂದೇ ಕಟ್ಟಡದ ಮುಂದೆ ಆರು ತಿಂಗಳು ಕಳೆಯುವುದು ಅವನ ಜೀವಕ್ಕೆ ಒಗ್ಗಲಿಲ್ಲ. ಲಾರಿಗೆ ಕ್ಲೀನರ್ ಆದ, ಸ್ಟಿಯರಿಂಗ್ ಹಿಡಿಯಲು ಕಲಿತ, ತೊಂಬತ್ತೈದರ ಹೊತ್ತಿಗೆ ಒಬ್ಬ ಮಾಲೀಕನ, ಹತ್ತು ಜನ ಕೂಡುವ ಟ್ರ್ಯಾಕ್ಸ್ ಗಾಡಿಗೆ ಡ್ರೈವರ್ ಆದ. ಅಲ್ಲಿಗೆ ಅವನಿಗೆ ಹೇಳಿ ಮಾಡಿಸಿದ ಕೆಲಸ ಸಿಕ್ಕಿತು.

ಅವನ ಗಾಡಿಯಲ್ಲಿ ಒಂದೇ ಕಾಯಿದೆ. ಡ್ರೈವರ್ ಪಕ್ಕ ಕೂತವರು ನಿದ್ದೆ ಮಾಡಕೂಡದು. ಪಕ್ಕದವರ ತೂಕಡಿಕೆ ಡ್ರೈವರಿಗೂ ಅಂಟುತ್ತದೆ ಎಂದು ಎಲ್ಲ ಡ್ರೈವರುಗಳೂ ಹೇಳುತ್ತಾರೆ, ಹೇಳಿ ಸುಮ್ಮನಾಗುತ್ತಾರೆ. ಅಂಬಾರಾಯ ಹಾಗೆ ಬಿಡುವವನಲ್ಲ. ಮದುವೆಯ ದಿಬ್ಬಣದಲ್ಲಿ ಮದುಮಗನ ಸೋದರಮಾವನನ್ನೇ ಎಬ್ಬಿಸಿ ಹಿಂದಿನ ಸೀಟಿಗೆ ಅಟ್ಟಿದ ಭೂಪ ಅವನು.

2003ರ ಜನವರಿಯಲ್ಲಿ ಸಪ್ನಾ ಎಂಬ ಮರಾಠಿ ಹುಡುಗಿ ಅವನ ಗಾಡಿಯನ್ನು ಎಂಟು ದಿನಕ್ಕೆ ಗೊತ್ತು ಮಾಡಿದಳು. ಅವಳು ಸಿನಿಮಾ ತೆಗೆಯುವವಳು. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದ ನಾಲ್ವರು ಹುಡುಗ ಹುಡುಗಿಯರು ವಿಜಾಪುರಕ್ಕೆ ಹೋಗಿ ಬರುವುದು, ದಾರಿಯುದ್ದಕ್ಕೂ ಅವರು ಆಡಿದ್ದು ಮಾಡಿದ್ದನ್ನೆಲ್ಲ ಚಿತ್ರೀಕರಿಸುವುದು, ಇಷ್ಟೇ ಅವಳ ಸಿನಿಮಾ. ಜೊತೆಗೊಬ್ಬ ನರ್ಸ್ ಬಾಯಿ. ಹುಚ್ಚರ ದಿಬ್ಬಣ ಹೊರಟಿತು ಎಂದು ಸ್ಟ್ಯಾಂಡಿನ ಡ್ರೈವರುಗಳು ನಕ್ಕರು. ನಕ್ಕವರಲ್ಲಿ ಇಬ್ಬರು ಬೆಳಗ್ಗೆಯೇ ಕುಡಿದು ಬಂದಿದ್ದರು ಎನ್ನುವುದನ್ನೂ ಹೇಳಿಬಿಡುವುದು ಒಳ್ಳೆಯದು.

ನಾಲ್ವರಲ್ಲಿ ತ್ರಿವೇಣಿ ಕನ್ನಡದವಳು. ಪುಣೆಯಂಚಿನ ನಿಗಡಿಯಲ್ಲಿ ಮನೆ, ಇಪ್ಪತ್ತೆರಡರ ಪ್ರಾಯ. ತಂದೆ ರಾಮಲಿಂಗಪ್ಪ ಧಾರವಾಡದ ಕಡೆಯವರು, ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅವಳ ಕಾಯಿಲೆಗೆ ಎರಡು ಮುಖ. ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳಳು, ಕೆಲವು ತಿಂಗಳು ನಿದ್ದೆಯೇ ಇಲ್ಲದೆ ಮಾತಾಡುತ್ತ ಬೀದಿಬೀದಿ ಓಡುವಳು. ಎರಡು ವರ್ಷದಿಂದ ಗುಳಿಗೆಗಳು ಅವಳನ್ನು ಒಂದು ಹದದಲ್ಲಿ ಇಟ್ಟಿದ್ದವು. ಅವಳು ಕಂಪ್ಯೂಟರ್ ಕ್ಲಾಸಿಗೂ ಸೇರಿದ್ದಳು.

ಮೊದಲ ದಿನವೇ ಅವಳು ಹಟ ಮಾಡಿ ಮುಂದಿನ ಸೀಟು ಹಿಡಿದಳು. ಭಿಗವಣ ಬರುವಷ್ಟರಲ್ಲಿ ತಲೆ ವಾಲಿತು. ಅಂಬಾರಾಯ ಗಾಡಿ ನಿಲ್ಲಿಸಿಯೇಬಿಟ್ಟ.

"ಯವ್ವಾ, ನಿದ್ದಿ ಮಾಡೋರಿಗಿ ಹಿಂದ ಜಾಗ ಅದ. ಏಳು."

ಅವಳು ಮುಖ ಸಣ್ಣದು ಮಾಡಿಕೊಂಡು ಹಿಂದೆ ಹೋದಳು. ಮರುದಿನ ಮತ್ತೆ ಮುಂದೆ ಬಂದು ಕೂತು, "ಇನ್ನ ಮಲಗೂದಿಲ್ಲ ಕಾಕಾ, ನೋಡ್ತಿರ್ರಿ" ಎಂದಳು. ಹೇಳಿದಂತೆ ಮಲಗಲೂ ಇಲ್ಲ. ಮೂರನೆಯ ದಿನ ಸೊಲ್ಲಾಪುರ ದಾಟುವಾಗ ಅವಳು ಕಿಟಕಿಯಿಂದ ಏನನ್ನೋ ಎಸೆದದ್ದು ಅವನ ಕಣ್ಣಿಗೆ ಬಿತ್ತು.

"ಗುಳಿಗಿ ರೀ ಕಾಕಾ. ತಗೊಂಡ್ರ ನಿದ್ದಿ ಬರ್ತದ. ನಿದ್ದಿ ಬಂದ್ರ ನೀವು ಹಿಂದ ಕಳಸ್ತೀರಿ."

ಅಂಬಾರಾಯ ನಕ್ಕುಬಿಟ್ಟ. ಅವನೂ ಜ್ವರ ಇಳಿದ ಮೇಲೆ ಡಾಕ್ಟರ ಗುಳಿಗೆಗಳನ್ನು ಎಸೆದವನೇ. ಅಲ್ಲದೆ ಹುಡುಗಿಯ ಮಾತಿಗೆ ಅವನು ಮರುಳಾಗಿದ್ದ. ಹಗಲೆಲ್ಲ ಮರಾಠಿ ಮಾತಾಡಿ ದಣಿದ ನಾಲಿಗೆಗೆ ಅವಳ ಕನ್ನಡ ರುಚಿಸಿತ್ತು. ಮಾತು ದಿನದಿನಕ್ಕೆ ಜೋರಾಗುತ್ತಿದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅಲ್ಲ, ಹೊಳೆದಿತ್ತು, ಆದರೆ ಹಿತವಾಗಿತ್ತು.

ಏಳನೆಯ ದಿನ ಹಿಂದಿರುಗುವಾಗ, ಇಂದಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಗಾಡಿ ನಿಧಾನವಾಯಿತು. ಎರಡು ರಾತ್ರಿ ಕಣ್ಣು ಮುಚ್ಚದಿದ್ದ ತ್ರಿವೇಣಿ ಬಾಗಿಲು ತೆರೆದು ಹೊರಗೆ ಜಿಗಿದಳು. ಹೆದ್ದಾರಿಯ ನಡುವೆ ನಿಂತು ಎರಡೂ ಕೈ ಎತ್ತಿ, ಎದುರು ಬಂದ ಸರ್ಕಾರಿ ಎಸ್‌ಟಿ ಬಸ್ಸಿಗೆ ನಿಲ್ಲಲು ಹುಕುಂ ಮಾಡಿದಳು. ಬಸ್ಸು ಅವಳಿಂದ ಎರಡು ಮಾರು ದೂರದಲ್ಲಿ ಕಿರುಚಿಕೊಂಡು ನಿಂತಿತು. ಅಂಬಾರಾಯ ಗಾಡಿ ಬಿಟ್ಟು ಓಡಿ ಅವಳನ್ನು ರಸ್ತೆಯ ಬದಿಗೆ ಎಳೆದು ತಂದ.

ಫೋನ್ ಹೋಗಿ, ಸಂಜೆಯೊಳಗೆ ರಾಮಲಿಂಗಪ್ಪ ಬಂದರು. ಗುಳಿಗೆಯನ್ನು ಕೈಗೆ ಕೊಟ್ಟಿದ್ದೆ, ನುಂಗಿದ್ದನ್ನು ನೋಡಲಿಲ್ಲ ಎಂದು ನರ್ಸ್ ಬಾಯಿ ಅತ್ತಳು. "ಯಾರನ್ನೂ ಬೈಯೂದಿಲ್ರಿ. ಇಕಿ ನಂಬಿಕಿಗೆ ಲಾಯಕ್ ಇಲ್ಲ, ಅಷ್ಟ" ಎಂದರು ಆ ಮನುಷ್ಯ. ಅಂಬಾರಾಯ ಟೈರಿಗೆ ಒರಗಿ ನಿಂತಿದ್ದ. ಹೇಳಿದರೆ ಮಾಲೀಕ ಗಾಡಿ ಕಸಿದುಕೊಳ್ಳುತ್ತಾನೆ ಎಂಬ ಭಯಕ್ಕೆ ಬಾಯಿ ಬಿಡಲಿಲ್ಲ. ತಂದೆ ಮಗಳನ್ನು ಕರೆದುಕೊಂಡು ಹೋದರು.

ಆಮೇಲಿನ ವರ್ಷ ಅವನಿಗೆ ನೆಟ್ಟಗೆ ಊಟ ಸೇರಲಿಲ್ಲ. ಕಡೆಗೆ ಕಲ್ಲವ್ವನ ಮುಂದೆ ಎಲ್ಲ ಒದರಿಕೊಂಡ.

"ಆವಾಗ ಬಾಯಾಗ ಕಡುಬು ಇಟ್ಕೊಂಡಿದ್ರೇನ್ರಿ?" ಎಂದು ಅವಳು ಉಗಿದಳು. "ಹೋಗಿ ಆ ತಂದಿ ಮುಂದ ಹೇಳ್ರಿ."

ಮೂರು ಸಲ ನಿಗಡಿಗೆ ಹೋದ. ಮೂರು ಸಲವೂ ಆ ಓಣಿಯ ತಿರುವಿನಲ್ಲಿ ಚಹಾ ಕುಡಿದು ಹಿಂದಿರುಗಿದ. ಡ್ರೈವರ್ ಕೆಲಸದಲ್ಲಿ ಯಾವ ಘಾಟಿಗೂ ಹೆದರದವನು ಆ ತಿರುವಿಗೆ ಹೆದರಿದ.

2004ರ ಆಗಸ್ಟಿನಲ್ಲಿ ಸಿನಿಮಾ ತಯಾರಾಯಿತು. ಒಂದು ಶಾಲೆಯ ಸಭಾಂಗಣದಲ್ಲಿ ತೋರಿಸುತ್ತೇವೆ, ಬರಲೇಬೇಕು ಎಂದು ಸಪ್ನಾ ಕರೆದಳು. ಅಂಬಾರಾಯ ಕಲ್ಲವ್ವನನ್ನು ಕರೆದುಕೊಂಡು ಹೋದ. ಮುಂದಿನ ಸಾಲಿನಲ್ಲಿ ರಾಮಲಿಂಗಪ್ಪ, ಅವರ ಪಕ್ಕ ತ್ರಿವೇಣಿ. ಹುಡುಗಿ ಸ್ವಲ್ಪ ದಪ್ಪಗಾಗಿದ್ದಳು.

ಪರದೆಯ ಮೇಲೆ ಅವನ ಗಾಡಿ ಓಡಿತು. ನಾಲ್ವರೂ ಗೋಳಗುಮ್ಮಟದಲ್ಲಿ ಕೂಗಿ ಕೂಗಿ ನಕ್ಕರು. ಆಮೇಲೆ ನಿಗಡಿಯ ಮನೆ ಬಂತು. ಕಿಟಕಿಯ ಸರಳಿನ ಹಿಂದೆ ತ್ರಿವೇಣಿ. ಕಂಪ್ಯೂಟರ್ ಕ್ಲಾಸು ಬಿಡಿಸಿದ್ದಾರೆ, ಅಪ್ಪ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಾರೆ ಎಂದು ಮರಾಠಿಯಲ್ಲಿ ಹೇಳಿದಳು. ಗುಳಿಗೆ ಏಕೆ ಬಿಟ್ಟೆ ಎಂದು ಸಪ್ನಾಳ ದನಿ ಕೇಳಿತು. "ನಾನೇ ಬಿಟ್ಟೆ. ಯಾರೂ ಹೇಳಲಿಲ್ಲ" ಎಂದಳು ಹುಡುಗಿ.

ಅಂಬಾರಾಯನಿಗೆ ಕುರ್ಚಿ ಮುಳ್ಳಾಯಿತು. ದೀಪ ಹತ್ತಿದ್ದೇ ತಡ, ಜನ ಚಪ್ಪಾಳೆ ತಟ್ಟುತ್ತಿರುವಾಗಲೇ ಎದ್ದು ಮುಂದಿನ ಸಾಲಿಗೆ ನಡೆದ. ಸುತ್ತಲಿನವರು ಮರಾಠಿಯವರು ಎಂಬುದನ್ನೂ ಮರೆತು ಕನ್ನಡದಲ್ಲೇ ಹೇಳಿಬಿಟ್ಟ.

"ಸಾಹೇಬ್ರ, ಖರೆ ಹೇಳ್ತೀನ್ರಿ. ಮುಂದ ಕುಂತು ನಿದ್ದಿ ಮಾಡಬ್ಯಾಡ ಅಂದಾಂವ ನಾನು. ಅಕಿ ಗುಳಿಗಿ ಒಗದಿದ್ದು ಕಣ್ಣಾರೆ ನೋಡಿ ನಕ್ಕಾಂವನೂ ನಾನೇ. ಅವತ್ತ ಬಾಯಿ ಬಿಡಲಿಲ್ಲ. ಅಕಿದೇನೂ ತಪ್ಪಿಲ್ರಿ, ಎಲ್ಲಾ ನಂದು."

ರಾಮಲಿಂಗಪ್ಪ ಅವನನ್ನು ನೋಡಿದರು, ಬಾಯಿ ತೆರೆದರು. ಅಷ್ಟರಲ್ಲಿ ತ್ರಿವೇಣಿ ಎದ್ದು ನಿಂತಳು. ಅವಳ ಮುಖದಲ್ಲಿ ಕೃತಜ್ಞತೆಯ ಭಾವ ಇರಲಿಲ್ಲ, ಸಿಟ್ಟಿತ್ತು.

"ನಿದ್ದಿ ಮಾಡಬ್ಯಾಡ ಅಂದವ್ರು ನೀವು, ಅದು ಖರೆ ಕಾಕಾ. ನಕ್ಕಿದ್ದೂ ನಿಮ್ಮ ತಪ್ಪ. ಆದ್ರ ಗುಳಿಗಿ ಒಗದಾಕಿ ನಾನು. ಬ್ಯಾನಿ ಒಗಸಿದ್ದಲ್ಲ. ಶಾಣ್ಯಾಕಿ ಇದ್ದಾಗನ, ರಸ್ತಾ ನೋಡಬೇಕಂತ ಒಗದೀನಿ. ನಾ ಏನ್ ಮಾಡಿದ್ರೂ ಎಲ್ಲಾರೂ ಬ್ಯಾನಿ ಮಾಡ್ಸಿತು ಅಂತಾರ. ಇದೊಂದು ತಪ್ಪಾದ್ರೂ ನಂದಂತ ಇರ್ಲಿ. ನೀವು ಬಂದು ಕಸಗೋಬ್ಯಾಡ್ರಿ."

ಅಂಬಾರಾಯ ಹೊತ್ತು ತಂದ ಮೂಟೆಯನ್ನು ಇಳಿಸಲು ಜಾಗವೇ ಸಿಗದವನಂತೆ ನಿಂತ. ರಾಮಲಿಂಗಪ್ಪ ಮಗಳ ಕಡೆ ತಿರುಗಿದರು. ಆಮೇಲೆ ಅಂಗಿಯ ಕಿಸೆಗೆ ಕೈಹಾಕಿ, ದಿನವೂ ತಾವೇ ಎಣಿಸಿ ಕೊಡುತ್ತಿದ್ದ ಗುಳಿಗೆಯ ಪಟ್ಟಿಯನ್ನು ಹೊರತೆಗೆದರು.

"ಹಂಗಾರ ನಾಳಿಂದ ನೀನ ತಗೋತೀಯೇನವಾ?"

"ಇವತ್ತಿಂದ."

ಅವರು ಪಟ್ಟಿಯನ್ನು ಅವಳ ಅಂಗೈಯಲ್ಲಿ ಇಟ್ಟರು. ಇಟ್ಟ ಮೇಲೂ ಅವರ ಬೆರಳುಗಳು ಅದನ್ನು ಬಿಟ್ಟಿರಲಿಲ್ಲ. ಅವಳು ಎಳೆದುಕೊಳ್ಳಲಿಲ್ಲ, ಅವರು ಬಿಡುವ ತನಕ ಕೈ ಚಾಚಿಕೊಂಡೇ ನಿಂತಳು.