ಮಣ್ಣಿಗೆ ಅನ್ನವಿಟ್ಟ ಮನ್‌ಸೊಕ್

ಗ್ವೇಸಾನ್ ಊರಿನ ಮೆಣಸಿನಕಾಯಿ ಬೆಳೆಗಾರರಲ್ಲಿ ಪ್ಯೋ ಮನ್‌ಸೊಕ್‌ನಷ್ಟು ಮಡಿಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಪ್ರತಿವರ್ಷ ನಾಟಿಗೆ ಮುಂಚೆ ಹೊಲಕ್ಕೆ ಪ್ಲಾಸ್ಟಿಕ್ ಹೊದಿಸಿ, ವಿಷಾನಿಲ ಹಾಯಿಸಿ, ಮಣ್ಣಲ್ಲಿ ಒಂದು ಹುಳುವೂ ಉಳಿಯದಂತೆ ಮಾಡುತ್ತಿದ್ದ. "ನಮ್ಮ ಹೊಲದಲ್ಲಿ ಆಪರೇಷನ್ ಮಾಡ್ಬೋದು ಕಣ್ರೋ, ಅಷ್ಟು ಕ್ಲೀನು" ಎಂದು ಊರೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ಒಂದು ಮಳೆಗಾಲ ಅವನ ಗಿಡಗಳೆಲ್ಲ ಬುಡ ಕಪ್ಪಾಗಿ, ಸಾಲುಸಾಲಾಗಿ ತಲೆ ಜೋಲುಹಾಕಿದವು. ಪಕ್ಕದಲ್ಲಿ ಅತ್ತಿಗೆ ಒಕ್‌ಬುನ್‌ಳ ಹೊಲ ಕಳೆಯ ನಡುವೆಯೂ ಹಸಿರಾಗಿ ನಿಂತಿತ್ತು. ಮನ್‌ಸೊಕ್ ಬದುವಿನ ಮೇಲೆ ನಿಂತು ಕೇಳಿದ: "ಏನು ಔಷಧಿ ಹೊಡೆದ್ರಿ ಅತ್ತಿಗೆ?"

"ಔಷಧಿ ಎಲ್ಲಿ, ಅನ್ನ ಹಾಕ್ದೆ."

"ಯಾರಿಗೆ?"

"ಮಣ್ಣಲ್ಲಿರೋರಿಗೆ. ಕಣ್ಣಿಗೆ ಕಾಣದೋರು ಸಾವಿರ ಜಾತಿ ಇದ್ದಾರೆ. ಅವರು ತುಂಬ್ಕೊಂಡಿದ್ರೆ ರೋಗಕ್ಕೆ ಕೂರೋಕೆ ಜಾಗ ಸಿಗಲ್ಲ. ನೀನು ಮನೆಯೋರನ್ನೆಲ್ಲ ಕೊಂದು ಬಾಗಿಲು ತೆಗೆದಿಟ್ರೆ ಕಳ್ಳ ಬರದೆ ಇರ್ತಾನೇನಪ್ಪ?"

"ಕಳ್ಳನಿಗೆ ಮೆತ್ತೆ ಹಾಸಿ ಕೂರಿಸ್ದೋನೇ ನಾನು ಅನ್ನಿ."

ಅತ್ತಿಗೆ ಹೇಳಿಕೊಟ್ಟಂತೆ ಮರದ ಪೆಟ್ಟಿಗೆಯಲ್ಲಿ ಅನ್ನ ತುಂಬಿ, ಕಾಗದ ಮುಚ್ಚಿ, ಕಾಡುಮಣ್ಣಿನ ಜೀವಿಗಳು ಅನ್ನಕ್ಕೆ ಹತ್ತಲೆಂದು ಗುಡ್ಡದ ಓಕ್ ಮರಗಳಡಿಯ ತರಗೆಲೆಯಲ್ಲಿ ಹುಗಿದು ಬಂದ. ಅದನ್ನು ಕಾಡುಹಂದಿ ತಿಂದುಹೋಯಿತು. "ನಂಗಿಂತ ಬುದ್ಧಿವಂತ ಪ್ರಾಣಿ, ಊಟ ಕಂಡಕೂಡಲೇ ಗುರುತಿಸ್ತು" ಎಂದ. ಎರಡನೇ ಸಲ ಅನ್ನಕ್ಕೆ ನೀರು ಹೆಚ್ಚಾಗಿ ಕಪ್ಪುಬೂಷ್ಟು ಹಿಡಿದು ನಾರಿತು. ಮೂರನೇ ಸಲ ಹತ್ತಿಯಂಥ ಬಿಳಿ ಬೂಷ್ಟು ಬಂತು; ಬೇಕಾಗಿದ್ದುದು ಅದೇ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿದುಬಂದವನನ್ನು ನೋಡಿ ಹೆಂಡತಿ ಸುನ್‌ಯೆ ಅಂದಳು: "ನಮ್ಮ ಮಗಳು ಹುಟ್ಟಿದಾಗ ನೀವು ಇಷ್ಟು ಜೋಪಾನವಾಗಿ ಎತ್ಕೊಂಡಿರಲಿಲ್ಲ ಬಿಡ್ರೀ."

"ಅವಳು ಅಳ್ತಿದ್ಲು. ಇದು ಸುಮ್ನಿದೆ."

ಬೂಷ್ಟು ಹಿಡಿದ ಅನ್ನಕ್ಕೆ ಬೆಲ್ಲ, ತೌಡು ಬೆರೆಸಿ ಹುಳಿಬರಿಸಿ ಹೊಲಕ್ಕೆ ಹರಡಿದ. ವಿಷಾನಿಲ ನಿಲ್ಲಿಸಿದ. ಚಳಿಗಾಲದಲ್ಲಿ ನೆಲ ಬರಿದಾಗದಿರಲೆಂದು ಬಾರ್ಲಿ ಬಿತ್ತಿದ. ಬಾರ್ಲಿಯ ಬೇರುಗಳೇ ಮಣ್ಣಿನ ಜೀವಿಗಳಿಗೆ ಊಟ. ಮರುವರ್ಷ ಅರ್ಧ ಗಿಡ ಸತ್ತವು. ನೆರೆಯವರು ಮರುಕ ತೋರಿಸಿದರೆ, "ಅರ್ಧ ಉಳಿದ್ವಲ್ಲ, ಪೂರ್ತಿ ಕೊಲ್ಲೋದ್ರಲ್ಲಿ ನಂದು ಪಳಗಿದ ಕೈ" ಅನ್ನುತ್ತಿದ್ದ. ಒಳಗೊಳಗೆ ಮಾತ್ರ ಹೆದರಿದ್ದ.

ಅದರ ಮರುವರ್ಷ ಸುರಿದ ಮಳೆ ಹೊಲದಲ್ಲಿ ನಿಲ್ಲದೆ ಇಂಗಿತು, ಗಿಡಗಳ ಬುಡ ಕಪ್ಪಾಗಲಿಲ್ಲ. ಮಣ್ಣು ಹಿಡಿಯಲ್ಲಿ ಉದುರುದುರಾಗಿ ಬಂತು. ಒಂದು ಗಿಡ ಕಿತ್ತು ನೋಡಿದರೆ ಬೇರಿಗೆ ಬೂಷ್ಟಿನ ಬಿಳಿ ಎಳೆಗಳು ಸುತ್ತಿಕೊಂಡಿದ್ದವು. ಬೇರಿಗೆ ಎಟುಕದ ನೀರನ್ನೂ ಸಾರವನ್ನೂ ತಂದುಕೊಡುವ ಕೂಲಿಗಳು ಅವು. ಚೆನ್ನಾಗಿದ್ದ ಗಿಡ ಕಿತ್ತದ್ದಕ್ಕೆ ಸುನ್‌ಯೆ ಬೈದಳು.

ಕೊಯ್ಲಿನ ಹೊತ್ತಿಗೆ ಒಕ್‌ಬುನ್ ಬಂದು ಮಣ್ಣು ಮೂಸಿ ನೋಡಿದಳು. ಹೊಗಳಲಿಲ್ಲ. "ನನ್ನ ಸಸಿಮಡಿಗೆ ಈ ಮಣ್ಣು ಒಂದು ಚೀಲ ಕೊಡ್ತೀಯೇನಪ್ಪ?" ಎಂದಳು ಅಷ್ಟೇ. ಮನ್‌ಸೊಕ್ ಗುದ್ದಲಿ ತರಲು ಹೋದ.